‘ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳಿ’ ಎನ್ನುವ ಫಾರ್ವರ್ಡ್‌ಗಳು: ನಿಜವಾದ ಅಪಾಯ ಎಲ್ಲಿದೆ?

“ಎಲ್ಲಾ ತಂದೆ ತಾಯಂದಿರ ಗಮನಕ್ಕೆ, ದಯವಿಟ್ಟು ನಿರ್ಲಕ್ಷಿಸಬೇಡಿ” ಎಂದು ಶುರುವಾಗುವ ಮೆಸೇಜ್ ನಿಮ್ಮ ಫೋನಿಗೂ ಒಂದಲ್ಲ ಒಂದು ದಿನ ಬಂದಿರುತ್ತದೆ. ಜೊತೆಗೊಂದು ಚಿತ್ರ: ಗುಡ್ಡೆಗಣ್ಣು, ಕಿವಿಯವರೆಗೆ ಸೀಳಿದ ಬಾಯಿ, ಜೋತುಬಿದ್ದ ಕೂದಲು. ಇದರ ಹೆಸರು ಮೋಮೋ, ಇದು ವಾಟ್ಸಾಪ್‌ನಲ್ಲಿ ಮಕ್ಕಳನ್ನು ಮಾತಾಡಿಸುತ್ತದೆ, ಹೇಳಿದಂತೆ ಕೇಳದಿದ್ದರೆ ಹೆದರಿಸುತ್ತದೆ, ಕೊನೆಗೆ ಮಗುವಿನ ಪ್ರಾಣಕ್ಕೇ ಕುತ್ತು ತರುತ್ತದೆ. ಈಗಲೇ ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳಿ. ಎಲ್ಲಾ ಗ್ರೂಪಿಗೂ ಕಳಿಸಿ.

ಹಾವೇರಿ ಕಡೆಯ ಓದುಗರೊಬ್ಬರು ಇಂಥದ್ದೇ ಒಂದು ಮೆಸೇಜನ್ನು ನಮಗೆ ಕಳಿಸಿ, “ಇದು ನಿಜಾನಾ?” ಎಂದು ಕೇಳಿದ್ದರು. ಸುಳ್ಳು ಎಂದು ಉತ್ತರ ಕೊಟ್ಟೆವು. ಸ್ವಲ್ಪ ಹೊತ್ತಿಗೆ ಅವರಿಂದ ಇನ್ನೊಂದು ಮೆಸೇಜ್ ಬಂತು: “ಸುಳ್ಳೋ ನಿಜವೋ, ಮಗನ ಫೋನ್ ಅಂತೂ ತೆಗೆದು ಬೀರುವಿನಲ್ಲಿ ಇಟ್ಟಿದ್ದೇನೆ. ಹುಷಾರಾಗಿದ್ದರೆ ನಷ್ಟವೇನು?”

ನಷ್ಟವಿದೆ. ಅದೇನೆಂದು ಎರಡು ಸಾಲಿನಲ್ಲಿ ಹೇಳಲಾಗದೆ ಈ ಲೇಖನ ಬರೆಯುತ್ತಿದ್ದೇವೆ.

ಮೋಮೋ ಎಲ್ಲಿಂದ ಬಂತು?

ಚಿತ್ರದಲ್ಲಿರುವುದು ಭೂತವೂ ಅಲ್ಲ, ಆಟವೂ ಅಲ್ಲ, ಒಂದು ಶಿಲ್ಪ. ಜಪಾನಿನ ಕಲಾವಿದ ಕೈಸುಕೆ ಐಸೋ ಮಾಡಿದ್ದು. 2016ರಲ್ಲಿ ಟೋಕಿಯೋದ ಗಿಂಜಾ ಪ್ರದೇಶದ ವೆನಿಲ್ಲಾ ಗ್ಯಾಲರಿಯಲ್ಲಿ ಪ್ರದರ್ಶನಕ್ಕಿತ್ತು. ಹೆರಿಗೆಯಲ್ಲಿ ಸತ್ತ ಹೆಂಗಸು ದೆವ್ವವಾಗಿ ಬರುತ್ತಾಳೆ ಎನ್ನುವ ಜಪಾನಿನ ಜನಪದ ಕಥೆ ಅದಕ್ಕೆ ಪ್ರೇರಣೆ. ನೋಡಲು ಬಂದವರು ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕಿದರು, ಅಲ್ಲಿಂದ ಯಾರೋ ಎತ್ತಿಕೊಂಡು ಕಥೆ ಕಟ್ಟಿದರು. ಶಿಲ್ಪ ಕೊಳೆತುಹೋಗಿದ್ದರಿಂದ 2018ರಲ್ಲೇ ಅದನ್ನು ಎಸೆದುಬಿಟ್ಟೆ ಎಂದು ಐಸೋ ಮರುವರ್ಷ ಹೇಳಿದರು. ಅಷ್ಟರಲ್ಲಿ ಫಾರ್ವರ್ಡ್ ಭೂಮಿ ಸುತ್ತಿ ಬಂದಿತ್ತು. 2019ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಶಾಲೆಗಳು, ಪೊಲೀಸರು ಕೂಡ ಪೋಷಕರಿಗೆ ಎಚ್ಚರಿಕೆ ಕಳಿಸಿದರು. ಆಗ ಅಲ್ಲಿನ ಮಕ್ಕಳ ರಕ್ಷಣಾ ಸಂಸ್ಥೆಗಳೇ ಮುಂದೆ ಬಂದು, ಮೋಮೋದಿಂದ ಯಾವುದೇ ಮಗುವಿಗೆ ಹಾನಿಯಾದ ಪುರಾವೆ ಇಲ್ಲ, ಹಬ್ಬುತ್ತಿರುವುದು ಭಯ ಮಾತ್ರ ಎಂದು ಹೇಳಬೇಕಾಯಿತು.

ನಗುವ ಹಾಗಿಲ್ಲ. ತೊಂಬತ್ತರ ದಶಕದಲ್ಲಿ ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ ಎಂದು ಮನೆ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದವರು ನಾವು. ಆಗ ವಾಟ್ಸಾಪ್ ಇರಲಿಲ್ಲ. ಬಾಯಿಂದ ಬಾಯಿಗೆ, ಬೀದಿಯಿಂದ ಬೀದಿಗೆ ಸುದ್ದಿ ಹರಡಿತ್ತು.

ಬ್ಲೂ ವೇಲ್ ಕಥೆ ಇದಕ್ಕಿಂತ ಗಂಭೀರ, ಏಕೆಂದರೆ ಅದರ ಹಿಂದೆ ನಿಜವಾದ ಸಾವುಗಳಿದ್ದವು. 2016ರಲ್ಲಿ ರಷ್ಯಾದ ಪತ್ರಿಕೆಯೊಂದರ ವರದಿಯಿಂದ ಶುರುವಾದ ಸುದ್ದಿ, 2017ರ ಜುಲೈ, ಆಗಸ್ಟ್ ಹೊತ್ತಿಗೆ ನಮ್ಮ ದೇಶದ ಟಿವಿಗಳನ್ನೆಲ್ಲ ತುಂಬಿತು. ಎಲ್ಲಿ ಹದಿಹರೆಯದ ಮಗು ತೀರಿಕೊಂಡರೂ ‘ಬ್ಲೂ ವೇಲ್‌ಗೆ ಇನ್ನೊಂದು ಬಲಿ’ ಎನ್ನುವ ತಲೆಬರಹ. ಕೇಂದ್ರ ಐಟಿ ಸಚಿವಾಲಯವೂ ಗೂಗಲ್, ಫೇಸ್‌ಬುಕ್, ವಾಟ್ಸಾಪ್ ಮುಂತಾದ ಕಂಪನಿಗಳಿಗೆ ಈ ಆಟದ ಲಿಂಕ್‌ಗಳನ್ನು ತೆಗೆಯುವಂತೆ ಸೂಚನೆ ಕೊಟ್ಟಿತು. ಆದರೆ ಡೌನ್‌ಲೋಡ್ ಮಾಡಿಕೊಳ್ಳುವಂಥ ಆಟವೇ ಅದಾಗಿರಲಿಲ್ಲ. ಆ ಸಾವುಗಳನ್ನು ಪರಿಶೀಲಿಸಲು ಸರ್ಕಾರ ಒಂದು ಸಮಿತಿ ಮಾಡಿತ್ತು. ಯಾವ ಪ್ರಕರಣದಲ್ಲೂ ಬ್ಲೂ ವೇಲ್‌ನ ಕೈವಾಡ ಸಾಬೀತಾಗಿಲ್ಲ ಎಂದು 2018ರ ಜನವರಿಯಲ್ಲಿ ಗೃಹ ಖಾತೆ ಲೋಕಸಭೆಗೆ ತಿಳಿಸಿತು. ಟಿವಿ ಕಾರ್ಯಕ್ರಮ ನೋಡಿದಷ್ಟು ಜನ ಈ ಉತ್ತರ ಓದಿರಲಾರರು.

ಒಂದು ಮಾತು ಮುಚ್ಚಿಡಬಾರದು. ರಷ್ಯಾದಲ್ಲಿ ಇಂಥ ಗುಂಪು ನಡೆಸುತ್ತಿದ್ದ ಯುವಕನೊಬ್ಬನಿಗೆ 2017ರಲ್ಲಿ ಜೈಲುಶಿಕ್ಷೆ ಆಗಿದೆ. ಅಂದರೆ ಮೊದಲೇ ನೊಂದಿದ್ದ, ಒಂಟಿಯಾಗಿದ್ದ ಮಕ್ಕಳನ್ನು ಹುಡುಕಿ ಮಾತಾಡಿಸುವ ಮನುಷ್ಯರು ಇದ್ದರು. ಆಟವಲ್ಲ, ಮನುಷ್ಯರು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಕ್ಕಳ ಹೆಸರಲ್ಲಿ ಹರಡಿ, ಜನರ ಪ್ರಾಣ ತೆಗೆದದ್ದು

‘ಮಕ್ಕಳ ಸುರಕ್ಷತೆಗಾಗಿ ತಾನೆ, ಸುಳ್ಳಾದರೂ ಕಳಿಸಿದರೆ ತಪ್ಪೇನು’ ಎನ್ನುವವರು 2018ನ್ನು ನೆನೆಯಬೇಕು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಆ ವರ್ಷ ಕರ್ನಾಟಕದಲ್ಲೂ ಓಡಾಡಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಬಗ್ಗೆ ಜಾಗೃತಿ ಮೂಡಿಸಲೆಂದೇ ಮಾಡಿದ ಕಿರುಚಿತ್ರ. ಮೂಲದಲ್ಲಿ ಬೈಕ್ ಸವಾರರು ತಿರುಗಿ ಬಂದು ಮಗುವನ್ನು ಬಿಟ್ಟು, ಒಂದು ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಅಷ್ಟೇ ಸಾಕಾಯಿತು.

ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಗೆಳೆಯರ ಜೊತೆ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಆ ಗೆಳೆಯರು ಮಾಡಿದ ‘ತಪ್ಪು’, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗಳಿಗೆ ಫಾರ್ವರ್ಡ್ ಮಾಡುವ ಮಿತಿ ತಂದಿತು. ಇಂದು ನೀವು ಆರನೇ ಗ್ರೂಪಿಗೆ ಕಳಿಸಲು ಹೋದಾಗ ಫೋನ್ ಯಾಕೆ ತಡೆಯುತ್ತದೆ ಎನ್ನುವುದರ ಹಿಂದೆ ಈ ಸಾವುಗಳೂ ಇವೆ.

ಇನ್ನೊಂದು ಬಗೆಯ ಫಾರ್ವರ್ಡ್ ಇದೆ, ಇದನ್ನು ಕಳಿಸುವವರಲ್ಲಿ ಒಳ್ಳೆಯ ಮನಸ್ಸಿನವರೇ ಜಾಸ್ತಿ: ಮಗುವಿನ ಮೇಲೆ ದೌರ್ಜನ್ಯ ನಡೆಯುವ ವಿಡಿಯೋ, ಕೆಳಗೆ “ಈ ರಾಕ್ಷಸ ಸಿಗುವವರೆಗೂ ಶೇರ್ ಮಾಡಿ”. ದಯವಿಟ್ಟು ಮಾಡಬೇಡಿ. ಮಕ್ಕಳ ಲೈಂಗಿಕ ದೃಶ್ಯಗಳನ್ನು ಹಂಚುವುದಷ್ಟೇ ಅಲ್ಲ, ಡೌನ್‌ಲೋಡ್ ಮಾಡುವುದೂ ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಇಂಥದ್ದಕ್ಕೆ ‘ಪೋರ್ನೋಗ್ರಫಿ’ ಎಂಬ ಪದವನ್ನೇ ಬಳಸಬೇಡಿ, ಅದು ಮಗುವಿನ ಮೇಲಿನ ಶೋಷಣೆ ಮತ್ತು ದೌರ್ಜನ್ಯ ಎಂದೂ ಹೇಳಿತು. ಕಾನೂನು ಹಾಗಿರಲಿ, ಆ ಮಗುವಿನ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಿ. ಪ್ರತಿ ಫಾರ್ವರ್ಡೂ ಆ ಘಟನೆಯನ್ನು ಇನ್ನೊಂದು ಮನೆಗೆ ಕೊಂಡೊಯ್ಯುತ್ತದೆ. ಆರೋಪಿಯನ್ನು ಹಿಡಿಯುವುದೇ ಉದ್ದೇಶವಾದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ಹಾಗಾದರೆ ಅಪಾಯ ಇಲ್ಲವೇ?

ಇದೆ. ಆದರೆ ಅದು ಗುಡ್ಡೆಗಣ್ಣು ಬಿಟ್ಟುಕೊಂಡು ಬರುವುದಿಲ್ಲ. ಬಹಳ ಸಲ ತುಂಬಾ ಸಭ್ಯವಾಗಿ, ಸ್ನೇಹಿತರಂತೆ ಬರುತ್ತದೆ.

ಒಂದು ಮಾದರಿ ನೋಡಿ. ಆಟದ ಚಾಟ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಒಬ್ಬರ ಪರಿಚಯವಾಗುತ್ತದೆ. ಪ್ರೊಫೈಲ್ ಫೋಟೊದಲ್ಲಿ ಸುಮಾರು ಅದೇ ವಯಸ್ಸಿನ ಹುಡುಗಿ ಅಥವಾ ಹುಡುಗ. ಮಾತು ಓದಿನ ಬಗ್ಗೆ, ಕ್ರಿಕೆಟ್ ಬಗ್ಗೆ, ಮನೆಯಲ್ಲಿ ಬೈದದ್ದರ ಬಗ್ಗೆ. “ನಿಮ್ಮಪ್ಪ ಯಾಕೆ ಹಾಗೆ? ನನಗೆ ಹೇಳು, ನಾನು ಯಾರಿಗೂ ಹೇಳಲ್ಲ.” ಕೆಲವು ದಿನದ ನಂತರ, ಇಲ್ಲಿ ಬೇಡ ಬೇರೆ ಆ್ಯಪ್‌ಗೆ ಬಾ ಎಂಬ ಆಹ್ವಾನ. ಆಮೇಲೆ ಒಂದು ಫೋಟೊ ಕೇಳುತ್ತಾರೆ. ಮಗು ಕಳಿಸಿದ ಮರುಕ್ಷಣ ದನಿ ಬದಲಾಗುತ್ತದೆ: ದುಡ್ಡು ಕಳಿಸು, ಅಥವಾ ಇನ್ನೊಂದು ಫೋಟೊ ಕಳಿಸು, ಇಲ್ಲದಿದ್ದರೆ ನಿನ್ನ ಅಪ್ಪನಿಗೆ, ಕ್ಲಾಸಿನ ಗ್ರೂಪಿಗೆ ಹಾಕುತ್ತೇನೆ. ಈಗ ಮಗು ಫೋಟೊ ಕಳಿಸಬೇಕೆಂದೂ ಇಲ್ಲ. ಸ್ಟೇಟಸ್‌ನಲ್ಲಿದ್ದ ಸಾಮಾನ್ಯ ಫೋಟೊವನ್ನೇ ಎಐ ಸಾಧನಗಳಿಂದ ಅಶ್ಲೀಲವಾಗಿ ತಿದ್ದಿ ಬೆದರಿಸುವವರಿದ್ದಾರೆ. ಹೆಣ್ಣುಮಕ್ಕಳಿದ್ದವರಿಗೆ ಮಾತ್ರ ಈ ಚಿಂತೆ ಎಂದುಕೊಂಡಿದ್ದರೆ ಅದೂ ತಪ್ಪು. ದುಡ್ಡಿಗಾಗಿ ನಡೆಯುವ ಇಂಥ ಬ್ಲ್ಯಾಕ್‌ಮೇಲ್‌ಗೆ ಹೆಚ್ಚಾಗಿ ಸಿಕ್ಕಿಬೀಳುವವರು 14ರಿಂದ 17 ವರ್ಷದ ಹುಡುಗರು ಎಂದು ಅಮೆರಿಕದ ಎಫ್‌ಬಿಐ ಎಚ್ಚರಿಸಿದೆ.

ಇಲ್ಲಿ ಬೆದರಿಸುವವನ ಕೈಯಲ್ಲಿರುವ ಆಯುಧ ಯಾವುದು? ಫೋಟೊ ಎಂದು ನಮಗೆ ಅನಿಸುತ್ತದೆ. ಆದರೆ ಆ ಫೋಟೊಗೆ ಬಲ ಬರುವುದು ‘ಮನೆಯಲ್ಲಿ ಗೊತ್ತಾದರೆ ಕಥೆ ಮುಗಿಯಿತು’ ಎಂಬ ಮಗುವಿನ ನಂಬಿಕೆಯಿಂದ. “ಮನೆಯಲ್ಲಿ ಹೇಳಿದರೆ ನಿನಗೇ ಒದೆ ಬೀಳುತ್ತೆ, ಫೋನೂ ಹೋಗುತ್ತೆ” ಎಂದು ಅವನು ಹೇಳುತ್ತಾನೆ. ಹಿಂದಿನ ವಾರವಷ್ಟೇ ಒಂದು ಫಾರ್ವರ್ಡ್ ನೋಡಿ, ಏನೂ ಕೇಳದೆ, ಅಪ್ಪ ಫೋನ್ ಕಿತ್ತು ಬೀರುವಿನಲ್ಲಿಟ್ಟಿದ್ದರೆ ಮಗುವಿಗೆ ಆ ಮಾತು ನಿಜವೆಂದೇ ಅನಿಸುತ್ತದೆ. ಹಾವೇರಿಯ ಓದುಗರಿಗೆ ನಾವು ಹೇಳಬೇಕೆಂದಿದ್ದ ನಷ್ಟ ಇದೇ.

ಅಪರಿಚಿತರಷ್ಟೇ ಅಪಾಯ ಎನ್ನುವುದೂ ಅರ್ಧಸತ್ಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳನ್ನು ತೆಗೆದು ನೋಡಿದರೆ, ಪೋಕ್ಸೊ ಕಾಯ್ದೆಯಡಿ ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿದ್ದವರೇ. ನೆಂಟರು, ಪಕ್ಕದ ಮನೆಯವರು, ಆನ್‌ಲೈನ್‌ನಲ್ಲಿ ಗೆಳೆತನ ಬೆಳೆಸಿದವರು. ಟ್ಯೂಷನ್ ಹೇಳಿಕೊಡುವ ಅಣ್ಣ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿದರೆ ಅದನ್ನೂ ಹೇಳಬಹುದು ಎಂದು ಮಗುವಿಗೆ ಗೊತ್ತಿರಬೇಕು.

ಫೋನ್ ಯಾರದು?

ಮಕ್ಕಳ ಆನ್‌ಲೈನ್ ಸುರಕ್ಷತೆ ಬಗ್ಗೆ ಸಿಗುವ ಹೆಚ್ಚಿನ ಸಲಹೆಗಳು ಮಗುವಿಗೆ ಅದರದ್ದೇ ಫೋನ್ ಇದೆ ಎಂದುಕೊಂಡು ಬರೆದವು. ನಮ್ಮಲ್ಲಿ ಚಿತ್ರ ಬೇರೆ. ಗ್ರಾಮೀಣ ಭಾರತದ ಮಕ್ಕಳ ಬಗೆಗಿನ 2024ರ ಅಸರ್ ಸಮೀಕ್ಷೆಯಲ್ಲಿ 14ರಿಂದ 16 ವರ್ಷದವರ ಪೈಕಿ ಶೇ. 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಹಾಗೆ ಬಳಸಬಲ್ಲವರಲ್ಲಿ ಸ್ವಂತ ಫೋನ್ ಇದ್ದದ್ದು 14ರ ವಯಸ್ಸಿನಲ್ಲಿ ಶೇ. 27 ಮಕ್ಕಳಿಗೆ, 16ರಲ್ಲಿ ಶೇ. 37.8ರಷ್ಟು ಮಕ್ಕಳಿಗೆ. ಉಳಿದವರ ಕೈಯಲ್ಲಿರುವುದು ಅಮ್ಮನ ಫೋನ್, ಅಪ್ಪನ ಫೋನ್, ಅಜ್ಜನ ಫೋನ್.

ಇದರ ಅರ್ಥವೇನೆಂದರೆ, ಹೋಮ್‌ವರ್ಕ್ ನೋಡಲು ಫೋನ್ ತೆಗೆದ ಮಗುವಿನ ಕಣ್ಣಿಗೆ ಬೀಳುವುದು ನಿಮ್ಮ ಗ್ರೂಪುಗಳ ಅಪಘಾತದ ವಿಡಿಯೋ, ಹೊಡೆದಾಟ, ‘ದೊಡ್ಡವರ’ ಜೋಕು. ಮಗು ಇಂಟರ್ನೆಟ್ಟಿಗೆ ಹೋಗಿ ಕೆಟ್ಟದ್ದನ್ನು ಹುಡುಕುವ ಮೊದಲೇ ನಮ್ಮ ಫಾರ್ವರ್ಡ್‌ಗಳೇ ಅದನ್ನು ಗ್ಯಾಲರಿಯೊಳಗೆ ತಂದಿಟ್ಟಿರುತ್ತವೆ. ಹಾಗಾಗಿ ಮೊದಲ ಸೆಟ್ಟಿಂಗ್ ಬದಲಾಗಬೇಕಾದದ್ದು ನಿಮ್ಮ ವಾಟ್ಸಾಪ್‌ನಲ್ಲಿ: ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಅಂಡ್ ಡೇಟಾ’ಕ್ಕೆ ಹೋಗಿ ವಿಡಿಯೋ, ಫೋಟೊ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಯುಪಿಐ ಆ್ಯಪ್‌ಗೆ ಲಾಕ್ ಇರಲಿ, ಪಿನ್ ಮಗುವಿಗೆ ಹೇಳಬೇಡಿ. ಯುನಿಫಾರ್ಮ್‌ನಲ್ಲಿರುವ, ಶಾಲೆಯ ಹೆಸರು ಕಾಣುವ ಮಗುವಿನ ಫೋಟೊ ಸ್ಟೇಟಸ್‌ಗೆ ಹಾಕುವ ಮುನ್ನ ನಿಮ್ಮ ನಂಬರ್ ಎಷ್ಟು ಜನರಲ್ಲಿದೆ ಎಂದು ಒಮ್ಮೆ ಎಣಿಸಿ.

ಮಗುವಿಗೆ ಸ್ವಂತ ಫೋನ್ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಉಚಿತ. ಯಾವ ಆ್ಯಪ್, ಎಷ್ಟು ಹೊತ್ತು ಎಂದು ನೀವು ತೀರ್ಮಾನಿಸಬಹುದು. ಹತ್ತು ವರ್ಷದ ಮಗುವಿಗೆ ಇದು ಸರಿಯೇ. ಆದರೆ ಹದಿನೈದರ ಮಗಳ ಫೋನಿನಲ್ಲಿ ಅವಳಿಗೆ ತಿಳಿಯದಂತೆ ಚಾಟ್ ಓದುವ ಆ್ಯಪ್ ಹಾಕುವುದನ್ನು ನಾವು ಒಪ್ಪುವುದಿಲ್ಲ. ಅವಳು ಒಂದಲ್ಲ ಒಂದು ದಿನ ಕಂಡುಹಿಡಿಯುತ್ತಾಳೆ. ಆಮೇಲೆ ಅವಳ ಗುಟ್ಟುಗಳು ನಿಮಗೆ ಗೊತ್ತಿಲ್ಲದ ಗೆಳತಿಯ ಫೋನಿಗೆ ಹೋಗುತ್ತವೆ.

ಏನಂತ ಮಾತಾಡೋದು?

ತಂದೆ ತಾಯಂದಿರು ನಮ್ಮನ್ನು ಹೆಚ್ಚು ಕೇಳುವ ಪ್ರಶ್ನೆ ಇದು. ಉಪನ್ಯಾಸ ಬೇಕಾಗಿಲ್ಲ. ಬಟ್ಟೆ ಮಡಚುತ್ತಲೋ, ಬೈಕಿನಲ್ಲಿ ಕೂರಿಸಿಕೊಂಡು ಹೋಗುವಾಗಲೋ, ಮುಖ ಮುಖ ನೋಡದೆ ಹೇಳಿದರೆ ಇನ್ನೂ ಸಲೀಸು: “ಫೋನಲ್ಲಿ ಏನಾದ್ರೂ ಎಡವಟ್ಟಾದ್ರೆ, ನಿನ್ನದೇ ತಪ್ಪಿದ್ರೂ, ಮೊದಲು ನನ್ನ ಹತ್ರ ಬಾ. ಬೈಯಲ್ಲ. ಫೋನೂ ಕಿತ್ಕೊಳಲ್ಲ. ಇಬ್ರೂ ಸೇರಿ ಸರಿ ಮಾಡೋಣ.”

ಹೇಳುವುದು ಸುಲಭ, ಪರೀಕ್ಷೆ ಆಮೇಲೆ. ಮಕ್ಕಳು ದೊಡ್ಡ ವಿಷಯವನ್ನು ಮೊದಲ ಸಲವೇ ತರುವುದಿಲ್ಲ, ಚಿಕ್ಕದನ್ನು ತಂದು ನಿಮ್ಮ ಮುಖ ನೋಡುತ್ತಾರೆ. “ಅಮ್ಮಾ, ಗೇಮಲ್ಲಿ ಡೈಮಂಡ್ ತಗೊಳ್ಳೋಕೆ ನಿನ್ನ ಫೋನಿಂದ ಇನ್ನೂರು ರೂಪಾಯಿ ಹಾಕ್ಬಿಟ್ಟೆ.” ಆ ಕ್ಷಣದಲ್ಲಿ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು ಎನ್ನುವುದರ ಮೇಲೆ, ಮುಂದೆ ಎರಡು ಸಾವಿರದ ವಿಷಯವೋ ಬ್ಲ್ಯಾಕ್‌ಮೇಲ್ ವಿಷಯವೋ ನಿಮ್ಮ ಹತ್ತಿರ ಬರುತ್ತದೋ ಇಲ್ಲವೋ ನಿಂತಿದೆ. ಇನ್ನೂರು ರೂಪಾಯಿಯನ್ನು ತಿಂಗಳ ಪಾಕೆಟ್ ಮನಿಯಲ್ಲಿ ಮುರಿದುಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಬಂದು ಹೇಳಿದ್ದಕ್ಕೆ ಏಟು ಬೀಳಬಾರದು. ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಈ ಒಪ್ಪಂದಕ್ಕೆ ಸೇರಿಸಿ. ಎಷ್ಟೋ ಮಕ್ಕಳು ಅಪ್ಪನಿಗೆ ಹೇಳಲಾಗದ್ದನ್ನು ಅಜ್ಜಿಗೆ ಹೇಳುತ್ತಾರೆ.

ಆಗಿಯೇ ಹೋಗಿದ್ದರೆ

ಮಗು ಬಂದು ಬೆದರಿಕೆಯ ವಿಷಯ ಹೇಳಿದರೆ, ಮೊದಲು ‘ಹೇಳಿದ್ದು ಒಳ್ಳೆಯದಾಯ್ತು’ ಅನ್ನಿ. ದುಡ್ಡು ಕಳಿಸಬೇಡಿ, ಕೊಟ್ಟರೆ ಬೇಡಿಕೆ ನಿಲ್ಲುತ್ತದೆ ಎಂಬ ಖಾತ್ರಿಯಿಲ್ಲ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಬೆದರಿಕೆ ಮೆಸೇಜು, ಪ್ರೊಫೈಲು, ನಂಬರು, ದುಡ್ಡು ಕೇಳಿದ ಯುಪಿಐ ಐಡಿ ಇವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಆಮೇಲೆ ಬ್ಲಾಕ್ ಮಾಡಿ. ಮಗುವಿನ ಫೋಟೊವನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ, ‘ಸ್ವಲ್ಪ ನೋಡಿ ಹೇಳು’ ಎಂದು ಭಾವಮೈದುನನಿಗೂ ಬೇಡ. ಪೊಲೀಸರಿಗೆ ಫೋನಿನಲ್ಲೇ ತೋರಿಸಿ.

ಸೈಬರ್ ಅಪರಾಧಕ್ಕೆ 1930, ಮಕ್ಕಳ ಸಹಾಯವಾಣಿ 1098. ಫೋಟೊ ಹರಡುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ 2023ರಿಂದ ಇದೆ. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆಯೊಂದು ನಡೆಸುತ್ತದೆ, ಇಲ್ಲಿಂದಲೂ ಬಳಸಬಹುದು. ಫೋಟೊವನ್ನು ಎಲ್ಲಿಗೂ ಅಪ್‌ಲೋಡ್ ಮಾಡಬೇಕಿಲ್ಲ. ನಿಮ್ಮ ಫೋನಿನಲ್ಲೇ ಆ ಫೋಟೊಗೆ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗುತ್ತದೆ. ಆ ಸಂಕೇತ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಹೋಗಿ, ಅಲ್ಲಿ ಅದೇ ಫೋಟೊ ಕಂಡರೆ ತೆಗೆಯಲು ನೆರವಾಗುತ್ತದೆ. ವಾಟ್ಸಾಪ್‌ನ ಖಾಸಗಿ ಚಾಟ್‌ಗಳೊಳಗೆ ಇದು ಕೆಲಸ ಮಾಡುವುದಿಲ್ಲ.

‘ಠಾಣೆಗೆ ಹೋದರೆ ಮಾನ ಹೋಗುತ್ತದೆ’ ಎಂದು ಹಿಂಜರಿಯುವವರಿಗೆ ಒಂದು ಮಾಹಿತಿ. ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಬಯಸಿದ ಜಾಗದಲ್ಲಿ ತೆಗೆದುಕೊಳ್ಳಬೇಕು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ತೆಗೆದುಕೊಳ್ಳಬೇಕು, ಅವರು ಸಮವಸ್ತ್ರದಲ್ಲಿ ಇರಬಾರದು. ಮಗುವಿನ ಗುರುತು ಹೊರಗೆ ಬರುವಂತಿಲ್ಲ. ಮಗು ತೀರಾ ಕುಗ್ಗಿದ್ದರೆ, ಸಾಯುವ ಮಾತಾಡಿದರೆ, ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಫೋನ್ ಬಿಡಲಾಗದ ಚಟಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಶಟ್’ ಹೆಸರಿನ ಪ್ರತ್ಯೇಕ ಕ್ಲಿನಿಕ್ 2014ರಿಂದಲೇ ಇದೆ.

ಹಾವೇರಿಯ ಓದುಗರಿಗೆ ನಾವು ಅಂದು ಒಂದೇ ಪ್ರಶ್ನೆ ಕೇಳಿದ್ದೆವು: “ಮೋಮೋ ಬಗ್ಗೆ ಮಗನನ್ನೇ ಕೇಳಿದಿರಾ?” ಎರಡು ದಿನದ ನಂತರ ಉದ್ದನೆಯ ವಾಯ್ಸ್ ಮೆಸೇಜ್ ಬಂತು. ಮಗ ನಕ್ಕನಂತೆ. ಅದು ಸುಳ್ಳೆಂದು ಅವನಿಗೆ ಯಾವತ್ತೋ ಗೊತ್ತಿತ್ತು, ಅವರ ಕ್ಲಾಸಿನಲ್ಲಿ ಅದರ ಸ್ಟಿಕರ್ ಕಳಿಸಿ ಆಟ ಆಡುತ್ತಾರಂತೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇರೆ ವಿಷಯ ಹೇಳಿದ. ಅವರ ಕ್ಲಾಸಿನ ಹುಡುಗಿಯೊಬ್ಬಳ ಫೋಟೊವನ್ನು ಯಾರೋ ಕೆಟ್ಟದಾಗಿ ಎಡಿಟ್ ಮಾಡಿ ಹುಡುಗರ ಗ್ರೂಪಿಗೆ ಹಾಕಿದ್ದಾರೆ. ಅವಳಿಗಿನ್ನೂ ಗೊತ್ತಿಲ್ಲ. ಯಾರಿಗೆ ಹೇಳಬೇಕು ಎಂದು ತಿಳಿಯದೆ ಅವನು ಸುಮ್ಮನಿದ್ದ.

ಆ ಫೋಟೊವನ್ನು ಯಾರಿಗೂ ಕಳಿಸುವುದು ಬೇಡ, ನಿಮ್ಮ ಫೋನಿಗೂ ತರಿಸಿಕೊಳ್ಳಬೇಡಿ, ನಾಳೆ ಬೆಳಿಗ್ಗೆಯೇ ನೀವೇ ಹೋಗಿ ನಂಬಿಕೆಯಿರುವ ಶಿಕ್ಷಕಿಯೊಬ್ಬರಿಗೆ ಹೇಳಿ, ಗೊತ್ತಾದ ಮೇಲೆ ವರದಿ ಮಾಡುವುದು ಕಾನೂನಿನ ಪ್ರಕಾರ ಅವರ ಕರ್ತವ್ಯ, 1098ಕ್ಕೂ ಕರೆ ಮಾಡಿ, ಮಗನ ಹೆಸರು ಮುಂದೆ ಬರದಂತೆ ನೋಡಿಕೊಳ್ಳಲು ಕೇಳಿ ಎಂದು ಬರೆದೆವು. ಅವರು ಹೋಗಿದ್ದರು. ಹುಡುಗಿಯ ತಾಯಿಯನ್ನು ಕರೆಸಿ ಮಾತಾಡಿದ್ದಾರೆ, ದೂರು ದಾಖಲಾಗಿದೆ ಎಂದು ತಿಳಿಸಿದರು. ಮಗನ ಫೋನ್ ಬೀರುವಿನಿಂದ ಹೊರಗೆ ಬಂತೇ ಎಂದು ಕೇಳಲು ನಾವು ಮರೆತೆವು.